ಫುಲ್ ರೇಸಿಗೆ ಸೊರಗುವ ಔಟ್‌ಬೋರ್ಡ್: ಮೊದಲು ಬಲ್ಬ್ ಹಿಂಡಿ ನೋಡಿ

ಪ್ರಶ್ನೆ: ಗಂಗೊಳ್ಳಿ ಕಡೆಯ ಫೈಬರ್ ನಾಡದೋಣಿ. 9.9 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ಹೊರಗೆ ಕೂರಿಸುವ ಇಂಜಿನ್, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ಅಳಿವೆ ದಾಟುವ ತನಕ ತೊಂದರೆ ಇಲ್ಲ. ಫುಲ್ ರೇಸ್ ಕೊಟ್ಟ ನಾಲ್ಕೈದು ನಿಮಿಷಕ್ಕೆ ಇಂಜಿನ್ ಸೊರಗುತ್ತದೆ, ರೇಸ್ ಇಳಿಸಿದರೆ ಸರಿಯಾಗುತ್ತದೆ. ಪ್ಲಗ್ ಹೊಸದು. ಕಾರ್ಬೊರೇಟರ್ ಬಿಚ್ಚಿಸಬೇಕಾ ಸರ್?

ಉತ್ತರ: ಈಗಲೇ ಬೇಡ. ಸೊರಗಲು ಶುರುವಾದ ಕೂಡಲೇ ಇನ್ನೊಬ್ಬರು ಪ್ರೈಮರ್ ಬಲ್ಬ್ (ಟ್ಯಾಂಕಿನಿಂದ ಇಂಜಿನಿಗೆ ಬರುವ ಪೈಪಿನ ನಡುವಿನ ರಬ್ಬರ್ ಉಂಡೆ) ಹಿಂಡುತ್ತಿರಲಿ. ಇಂಜಿನ್ ಚೇತರಿಸಿಕೊಂಡರೆ ಎಣ್ಣೆ (ಅಂದರೆ ಇಂಧನ) ಸಾಕಷ್ಟು ಬರುತ್ತಿಲ್ಲ ಎಂದರ್ಥ. ಆಗ ಬಲ್ಬನ್ನೇ ನೋಡಿ. ಒಳಕ್ಕೆ ಚಪ್ಪಟೆಯಾಗಿದ್ದರೆ ಅಡಚಣೆ ಬಲ್ಬಿಗಿಂತ ಹಿಂದೆ ಇದೆ: ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿಲ್ಲ, ಟ್ಯಾಂಕಿನೊಳಗಿನ ಜಾಲರಿ ಕಟ್ಟಿದೆ, ಇಲ್ಲವೇ ಪೈಪ್ ಮಡಚಿದೆ. ಸ್ವಲ್ಪ ಹೊತ್ತು ಓಡಿದ ಮೇಲಷ್ಟೇ ಸೊರಗುವುದರಿಂದ ನನ್ನ ಮೊದಲ ಅನುಮಾನ ಗಾಳಿ ಸ್ಕ್ರೂ ಮೇಲೆಯೇ. ಬಲ್ಬ್ ಚಪ್ಪಟೆಯಾಗದೆ ಮೆತ್ತಗಿದ್ದು, ಎಷ್ಟು ಹಿಂಡಿದರೂ ಗಟ್ಟಿಯಾಗದಿದ್ದರೆ ಕನೆಕ್ಟರಿನ ಓ-ರಿಂಗ್, ಕ್ಲಿಪ್ಪುಗಳ ಹತ್ತಿರ ಗಾಳಿ ಎಳೆಯುತ್ತಿದೆ. ಅಥವಾ ಬಲ್ಬಿನೊಳಗಿನ ವಾಲ್ವ್ ಹೋಗಿದೆ. ಎರಡೂ ಸರಿಯಿದ್ದರೆ ಫ್ಯುಯೆಲ್ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತಿದ್ದರೂ ಬದಲಿಸಿ.

ಇನ್ನೊಂದು ಪರೀಕ್ಷೆ: ಆಯಿಲ್ ಬೆರೆಸಿದ ಪೆಟ್ರೋಲಲ್ಲೇ ಅಷ್ಟೇ ರೇಸಿನಲ್ಲಿ, ಅಷ್ಟೇ ಹೊತ್ತು ಓಡಿಸಿ. ಸೊರಗದಿದ್ದರೆ ಹುಡುಕಬೇಕಾದದ್ದು ಸೀಮೆಎಣ್ಣೆಯ ದಾರಿಯಲ್ಲಿ ಮಾತ್ರ. ಫಿಲ್ಟರ್ ಕಪ್ಪನ್ನು ಗಾಜಿನ ಬಾಟಲಿಗೆ ಬಗ್ಗಿಸಿ. ನೀರಿದ್ದರೆ ಅಡಿಯಲ್ಲಿ ಗುಂಡುಗುಂಡಾಗಿ ನಿಲ್ಲುತ್ತದೆ.

ದೋಷ ಸಿಗುವವರೆಗೆ, ಈ ಪರೀಕ್ಷೆಗಳ ಹೊತ್ತು ಬಿಟ್ಟು, ಫುಲ್ ರೇಸಲ್ಲಿ ಎಳೆಯಲೇಬೇಡಿ. ಟೂ ಸ್ಟ್ರೋಕಿನಲ್ಲಿ ಇಂಜಿನ್ ಒಳಗೆ ಸವೆಯದಂತೆ ಕಾಯುವ ಆಯಿಲ್ ಬರುವುದೂ ಎಣ್ಣೆಯ ಜೊತೆಗೇ. ಅದು ಕಡಿಮೆಯಾದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ.

ಪ್ರಶ್ನೆ: ಬಲ್ಬ್ ಹಿಂಡಿದರೂ ಏನೂ ಬದಲಾಗದಿದ್ದರೆ?

ಉತ್ತರ: ಆಗ ಕಾರ್ಬೊರೇಟರಿನ ಮೇನ್ ಜೆಟ್ (ಎಣ್ಣೆ ಹಾಯುವ ಸಣ್ಣ ತೂತು) ತೊಳೆಯಿರಿ, ಎರಡೂ ಸಿಲಿಂಡರಿನ ಕಂಪ್ರೆಶನ್ (ಒಳಗಿನ ಒತ್ತಡ) ನೋಡಿಸಿ. ಅಂತರ ಶೇ. 10ಕ್ಕಿಂತ ಹೆಚ್ಚಿದ್ದರೆ ಪಿಸ್ಟನ್ ರಿಂಗ್ ಹಿಡಿದುಕೊಂಡಿರುವ ಸಾಧ್ಯತೆ ಇದೆ. ಸೀಮೆಎಣ್ಣೆ ಇಂಜಿನಿನಲ್ಲಿ ಕಾರ್ಬನ್ ಬೇಗ ಕಟ್ಟುತ್ತದೆ, ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟೂ ಕಿರಿದಾಗುತ್ತದೆ. ಇಂಜಿನ್ ಬಿಸಿಯಾಗುವ ಮೊದಲೇ ಸೀಮೆಎಣ್ಣೆಗೆ ತಿರುಗಿಸುವ ಅವಸರ ಇದನ್ನು ಹೆಚ್ಚಿಸುತ್ತದೆ. ನಿಲ್ಲಿಸುವ ಮುಂಚೆಯೂ ಪೆಟ್ರೋಲಿಗೆ ತಿರುಗಿಸಿ, ಕಾರ್ಬೊರೇಟರಿನ ಸೀಮೆಎಣ್ಣೆ ಮುಗಿಯುವಷ್ಟು ಹೊತ್ತು ಓಡಿಸಿ. ಇಲ್ಲವಾದರೆ ಮರುದಿನ ಹಗ್ಗ ಎಳೆದು ಎಳೆದು ಕೈಸೋಲುತ್ತದೆ.

ಮತ್ತೊಬ್ಬರ ಪ್ರಶ್ನೆ: ನಮ್ಮದರಲ್ಲಿ ಇಂಜಿನ್ ಶಬ್ದ ಏರುತ್ತದೆ, ದೋಣಿ ಮಾತ್ರ ಓಡುವುದಿಲ್ಲ ಅಣ್ಣ.

ಉತ್ತರ: ಅದಕ್ಕೂ ಎಣ್ಣೆಗೂ ಸಂಬಂಧವಿಲ್ಲ. ಇಂಜಿನ್ ನಿಲ್ಲಿಸಿ, ಮೇಲಕ್ಕೆತ್ತಿ, ಪ್ರೊಪೆಲ್ಲರಿಗೆ ಬಲೆ ನೂಲು ಸುತ್ತಿದೆಯೇ ನೋಡಿ. ಆಮೇಲೆ ಪ್ರೊಪೆಲ್ಲರಿನ ನಡುಭಾಗದ (ಹಬ್ಬಿನ) ರಬ್ಬರ್ ಬುಷ್ಷಿನ ಒಳಭಾಗದಿಂದ ಹೊರಭಾಗಕ್ಕೆ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಲೋಡಿನಲ್ಲಿ ಓಡಿಸಿ ಬಂದಾಗ ಗೆರೆ ತುಂಡಾಗಿದ್ದರೆ ಬುಷ್ ಜಾರುತ್ತಿದೆ. ಗೆರೆ ಹಾಗೇ ಇದ್ದರೆ ಇಂಜಿನ್ ಕೂರಿಸಿದ ಎತ್ತರ ಅಳೆಯಿರಿ: ಪ್ರೊಪೆಲ್ಲರಿನ ಮೇಲಿನ ಅಡ್ಡ ಪ್ಲೇಟ್ ದೋಣಿಯ ತಳದ ಮಟ್ಟದಲ್ಲಿ, ಇಲ್ಲವೇ ಅದಕ್ಕಿಂತ 25 ಮಿ.ಮೀ. ಒಳಗೆ ಕೆಳಗಿರಬೇಕು. ಅದಕ್ಕಿಂತ ಮೇಲಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದು ಸುಮ್ಮನೆ ತಿರುಗುತ್ತದೆ. ಬಲೆಯನ್ನೆಲ್ಲ ಮುಂದೆ ಪೇರಿಸಿ ಹಿಂಭಾಗ ಎದ್ದರೂ ಇದೇ ಆಗುತ್ತದೆ. ಅದಕ್ಕೆ ಮೆಕ್ಯಾನಿಕ್ ಬೇಡ.