ಅಳಿವೆಯ ಮರುವಾಯಿ (ಕಪ್ಪೆಚಿಪ್ಪು): ತೊಳೆದು ಬೇಯಿಸಿದರೆ ಕ್ಯಾಡ್ಮಿಯಂ, ಸೀಸ ಹೋಗುತ್ತದೆಯೇ?

ತೆಂಗಿನಬದಿ (ಪ್ರಶ್ನೆ):
ಮಂಗಳೂರಿನಲ್ಲಿ ನೇತ್ರಾವತಿ, ಫಲ್ಗುಣಿ ಸಮುದ್ರ ಸೇರುವ ಅಳಿವೆಯ ಮರುವಾಯಿ ವಾರಕ್ಕೊಮ್ಮೆ ಅಡುಗೆಗೆ ಬರುತ್ತದೆ. ಬೇಯಿಸಿದ ನೀರೂ ಸಾರಿಗೆ ಹೋಗುತ್ತದೆ. ರಾತ್ರಿಯಿಡೀ ನೆನೆಸಿದರೆ ಲೋಹ ಹೊರಬರುತ್ತದೆ ಅಂತ ಕೆಲವರು, ಹುಣಸೆಹುಳಿ ಸಾಕು ಅಂತ ಕೆಲವರು. ತಿನ್ನುವವರಲ್ಲಿ ಐದು ವರ್ಷದ ಮಗುವೂ ಗರ್ಭಿಣಿಯೂ ಇದ್ದಾರೆ. ಎಷ್ಟು ತಿನ್ನಬಹುದು? ಲ್ಯಾಬಿಗೆ ಕೊಡುವುದಾದರೆ ಹೇಗೆ?

ಉಬ್ಬರ:
ಎರಡರಿಂದಲೂ ಹೋಗುವುದಿಲ್ಲ. ಕ್ಯಾಡ್ಮಿಯಂ ಮರುವಾಯಿಯ ಮಾಂಸದೊಳಗಿನ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಶುದ್ಧ ನೀರಿನಲ್ಲಿಟ್ಟರೂ ಅದು ಇಳಿಯಲು ವಾರಗಳು, ತಿಂಗಳುಗಳು ಬೇಕು. ಹುಳಿ ಯಾವ ಲೋಹವನ್ನೂ ನಾಶ ಮಾಡುವುದಿಲ್ಲ. ಪಾತ್ರೆಯ ಕಲಾಯಿಯಲ್ಲಿ ಸೀಸ ಬೆರೆತಿದ್ದರೆ ಹುಳಿ ಅದನ್ನೂ ಸಾರಿಗೆ ಇಳಿಸುತ್ತದೆ, ಆ ಕಡೆಯೂ ಗಮನವಿರಲಿ.

ಆದರೂ ನೆನೆಸುವುದನ್ನು ಬಿಡಬೇಡಿ. ಹೊಟ್ಟೆಯೊಳಗಿನ ಕೆಸರಿನಲ್ಲೂ ಸೀಸ ಇರಬಹುದು, ಆ ಕೆಸರಾದರೂ ಹೋಗಲಿ. ಬರೀ ಸಿಹಿನೀರಿಗೆ ಹಾಕಿದರೆ ಚಿಪ್ಪು ಮುಚ್ಚಿಕೊಂಡೇ ಇರುತ್ತದೆ, ಏನೂ ಹೊರಬರುವುದಿಲ್ಲ. ಕ್ಲೋರಿನ್ ಇಲ್ಲದ ಬಾವಿನೀರು, ಲೀಟರಿಗೆ 20–25 ಗ್ರಾಂ ಉಪ್ಪು, ಅಗಲ ಪಾತ್ರೆಯಲ್ಲಿ ಒಂದೇ ಪದರ. ನಡುವೆ ಒಂದೆರಡು ಸಲ ನೀರು ಬದಲಿಸಿ.

ಬೇಯಿಸುವಾಗ ಲೋಹದ ಒಂದು ಪಾಲು ನೀರಿಗೆ ಇಳಿಯುತ್ತದೆ. ಕಾರ್ಖಾನೆ ಕಾಲುವೆಯ ಬಾಯಿ, ದೋಣಿಗೆ ಬಣ್ಣ ಬಳಿಯುವ ಜಾಗ, ಇಂಥ ಕಡೆಯ ಮರುವಾಯಿ ಎಂಬ ಅನುಮಾನ ಬಂದರೆ ತರಲೇಬೇಡಿ; ತಂದಾಗಿದ್ದರೆ ಆ ನೀರನ್ನಾದರೂ ಚೆಲ್ಲಿ. ರುಚಿ ಹೋಗುತ್ತದೆ, ನಿಜ.

ಚಿಪ್ಪುಲೆಕ್ಕ:
ಎಷ್ಟು ತಿನ್ನಬಹುದು ಎಂಬುದಕ್ಕೆ ಲೆಕ್ಕವೇ ಉತ್ತರ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಎಫ್‌ಎಒದ ಜಂಟಿ ತಜ್ಞರ ಸಮಿತಿ 2010ರಲ್ಲಿ ಕ್ಯಾಡ್ಮಿಯಂಗೆ ಇಟ್ಟ ಮಿತಿ, ದೇಹತೂಕದ ಪ್ರತಿ ಕೆ.ಜಿ.ಗೆ ತಿಂಗಳಿಗೆ 25 ಮೈಕ್ರೋಗ್ರಾಂ. ಮಾಂಸದಲ್ಲಿ ಕೆ.ಜಿ.ಗೆ 0.5 ಮಿ.ಗ್ರಾಂ ಇದೆ ಎಂದಿಟ್ಟುಕೊಳ್ಳಿ. ವಾರಕ್ಕೆ 150 ಗ್ರಾಂ ಮಾಂಸ (ಚಿಪ್ಪು ಬಿಟ್ಟು) ತಿಂದರೆ 75 ಮೈಕ್ರೋಗ್ರಾಂ, ತಿಂಗಳಿಗೆ ಸುಮಾರು 325. 60 ಕೆ.ಜಿ.ಯವರಿಗೆ ಇದು ದೇಹತೂಕದ ಕೆ.ಜಿ.ಗೆ 5.4 ಮೈಕ್ರೋಗ್ರಾಂ. ಅದರ ಅರ್ಧ ತಿನ್ನುವ 16 ಕೆ.ಜಿ.ಯ ಮಗುವಿಗೆ 10. ಮಗುವಿನ ಬಟ್ಟಲು ಚಿಕ್ಕದಾದರೂ ಹೊರೆ ಸುಮಾರು ಎರಡರಷ್ಟು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಒಪ್ಪುವ ಗರಿಷ್ಠ, ಮಾಂಸದ ಕೆ.ಜಿ.ಗೆ 2 ಮಿ.ಗ್ರಾಂ, ಇದ್ದರೆ ದೊಡ್ಡವರಿಗೇ 21 ದಾಟುತ್ತದೆ, ಅನ್ನದಿಂದ ಬರುವುದು ಬೇರೆ. ಅದಕ್ಕೇ ಐರೋಪ್ಯ ಒಕ್ಕೂಟದ 1 ಮಿ.ಗ್ರಾಂ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಲೇಸು.

ಸೀಸಕ್ಕೆ ಹೀಗೆ ಲೆಕ್ಕ ಹಾಕಬೇಡಿ. ಅದರ ಹಳೆಯ ವಾರದ ಮಿತಿಯನ್ನು ಅದೇ ವರ್ಷ ಹಿಂತೆಗೆದರು, ಮಕ್ಕಳ ಮಿದುಳಿಗೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಗರ್ಭಿಣಿಗೆ ರಕ್ತಹೀನತೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಮಾಡಿಸಿ. ಕಬ್ಬಿಣ ಕಡಿಮೆಯಾದ ಕರುಳು ಕ್ಯಾಡ್ಮಿಯಂ ಹೆಚ್ಚು ಹೀರುತ್ತದೆ. ಪಾದರಸದ ಚಿಂತೆ ಮರುವಾಯಿಗಿಂತ ಶಾರ್ಕಿನಂಥ ದೊಡ್ಡ ಬೇಟೆಮೀನಿನದು. ಬೂತಾಯಿಯಂಥ ಸಣ್ಣ ಮೀನು ತಿನ್ನಲಿ.

ಐಸಿಪಿ_ಮೇಜು:
ಲ್ಯಾಬಿಗೆ ಒಂದೆರಡು ಮರುವಾಯಿ ಕೊಟ್ಟರೆ ಪ್ರಯೋಜನವಿಲ್ಲ. ಒಂದೇ ಜಾಗದ, ಒಂದೇ ಗಾತ್ರದ 40–50 ತೆಗೆದು, ಮೇಲೆ ಹೇಳಿದಂತೆ ಕೆಸರು ಬಿಡಿಸಿ, ಮಾಂಸವನ್ನು ಪ್ಲಾಸ್ಟಿಕ್ ಚಮಚದಿಂದ ಬಿಡಿಸಿ. ತುಕ್ಕು ಹಿಡಿದ ಚೂರಿ ಬೇಡ. 100 ಗ್ರಾಂ ಆಗುವಷ್ಟನ್ನು ಹೊಸ ಜಿಪ್ ಚೀಲಕ್ಕೆ ಹಾಕಿ, ಫ್ರೀಜರಿನಲ್ಲಿಟ್ಟು, ಐಸಿನಲ್ಲಿ ಒಯ್ಯಿರಿ. ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಒಪ್ಪುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಮೀನಿನ ಲೋಹ ಪರೀಕ್ಷೆಗೇ ಇದೆಯೇ ಎಂದು ಕೇಳಿ. ನೀರಿನ ಪರೀಕ್ಷೆಗೆ ಮಾತ್ರ ಇದ್ದರೆ ಸಾಲದು.

ಎಲ್ಲಕ್ಕಿಂತ ಹೆಚ್ಚು ಎಡವುವುದು ವರದಿ ಓದುವಾಗ. ಒಣತೂಕದ ಅಂಕಿಯನ್ನು ಹಸಿತೂಕದ ಮಿತಿಗೆ ಹೋಲಿಸಿ ಗಾಬರಿಯಾಗುತ್ತಾರೆ. ಮಾಂಸದಲ್ಲಿ ಸುಮಾರು 80% ನೀರು, ಒಣತೂಕದ 2.5 ಎಂದರೆ ಹಸಿತೂಕದ 0.5. ಆರ್ಸೆನಿಕ್ ಕೂಡ ಹಾಗೆಯೇ: 'ಒಟ್ಟು ಆರ್ಸೆನಿಕ್' ಹೆಚ್ಚು ಬಂದರೂ ಕಡಲಜೀವಿಗಳಲ್ಲಿ ಬಹುಪಾಲು ಆರ್ಸೆನೋಬಿಟೇನ್ ಎಂಬ ವಿಷವಲ್ಲದ ರೂಪ. ವಿಷವಾದ ಅಜೈವಿಕ ಆರ್ಸೆನಿಕ್ ಬೇರೆಯಾಗಿ ಅಳೆಯಿಸಿ.

ತೆಂಗಿನಬದಿ:
ಹಾಗಾದರೆ ನದಿಯ ಏಡಿ?

ಉಬ್ಬರ:
ಏಡಿಯಲ್ಲಿ ಕ್ಯಾಡ್ಮಿಯಂ ಕೂಡುವುದು ಮುಖ್ಯವಾಗಿ ತಲೆಚಿಪ್ಪಿನೊಳಗಿನ ಹಳದಿ-ಕಂದು ಮುದ್ದೆಯಲ್ಲಿ, ಕಾಲಿನ ಬಿಳಿ ಮಾಂಸದಲ್ಲಿ ತೀರಾ ಕಡಿಮೆ. ಇಡಿಯಾಗಿ ಬೇಯಿಸಿದರೆ ಮುದ್ದೆಯಿಂದ ಸಾರಿಗೆ ಸೋರುತ್ತದೆ. ಚಿಪ್ಪು ಬಿಡಿಸಿ, ಮುದ್ದೆ ತೆಗೆದು, ತೊಳೆದು, ಆಮೇಲೆ ಒಲೆಗಿಡಿ. ಮಗುವಿಗೆ ಕಾಲಿನ ಮಾಂಸ ಮಾತ್ರ.