ಕೊರಿಯನ್ ಪಾಪ್‌ನ ‘ಕಮ್‌ಬ್ಯಾಕ್’ಗೆ ಯಾವ ಪದ?

ಗೆಳೆಯರೆ, ನಮಸ್ಕಾರ.

ಕೊರಿಯನ್ ಪಾಪ್ ತಂಡಗಳ ಬಗ್ಗೆ ಒಂದು ವಿಡಿಯೋಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ನಾಳಿದ್ದು ಕೊಡಬೇಕು. ‘ಕಮ್‌ಬ್ಯಾಕ್’ ಹತ್ತಿರ ಕೈ ನಿಂತಿದೆ.

ಅಲ್ಲಿ ತಂಡ ಹೊಸ ಆಲ್ಬಂ ತಂದಾಗಲೆಲ್ಲ ಅದು ಕಮ್‌ಬ್ಯಾಕ್. ಟ್ವೈಸ್ ತಂಡದ ಮೊದಲ ಆಲ್ಬಂ ಬಂದಿದ್ದು 2015ರ ಅಕ್ಟೋಬರ್‌ನಲ್ಲಿ. 2016ರ ಏಪ್ರಿಲ್‌ನಲ್ಲಿ ‘ಚಿಯರ್ ಅಪ್’ ಹಾಡಿನ ಆಲ್ಬಂ ಬಂತು, ಅಕ್ಟೋಬರ್‌ನಲ್ಲಿ ‘ಟಿಟಿ’ ಹಾಡಿನದು. ಒಂದೇ ವರ್ಷ ಎರಡು ಕಮ್‌ಬ್ಯಾಕ್. ‘ಟ್ವೈಸ್ ಪುನರಾಗಮನ’ ಎಂದು ಬರೆದು ಅಕ್ಕನ ಮಗಳಿಗೆ ತೋರಿಸಿದೆ. “ಯಾಕೆ ಚಿಕ್ಕಮ್ಮ, ಮಧ್ಯೆ ಬಿಟ್ಟು ಹೋಗಿದ್ರಾ?” ಅಂದಳು. ‘ಮರುಬಿಡುಗಡೆ’ ಅಂದರೆ ಹಳೇ ಪಿಕ್ಚರ್ ಮತ್ತೆ ಥಿಯೇಟರಿಗೆ ಬಂದ ಹಾಗೆ. ಚಿಕ್ಕ ಪದ ಹೇಳಿ. ಪರದೆಯಲ್ಲಿ ಜಾಗ ಕಮ್ಮಿ.

ಮರು: ಕಮ್‌ಬ್ಯಾಕ್

ಪುನರಾಗಮನ ಬೇಡವೇ ಬೇಡ. ಗಣಪತಿ ಬಿಡುವಾಗ ‘ಪುನರಾಗಮನಾಯ ಚ’ ಅನ್ನುತ್ತೇವೆ. ಹೋಗುವವರಿಗೆ ಹೇಳುವ ಮಾತು ಅದು. ‘ಮರಳಿಕೆ’ ಹಾಕಿ. ಮರಳು ಅಂದರೆ ಬರೀ ಹಿಂದಿರುಗುವುದಲ್ಲ. ‘ಮರಳಿ ಮರಳಿ ಕೇಳಿದ’ ಅಂದರೆ ಎಲ್ಲಿಗೋ ಹೋಗಿಬಂದು ಕೇಳಿದ ಅಂತಲ್ಲ, ಮತ್ತೆ ಮತ್ತೆ ಕೇಳಿದ ಅಂತ. ನಿಮಗೆ ಬೇಕಾದ ಅರ್ಥ ಅದೇ ಅಲ್ವಾ? ನಮ್ಮ ಬೇರು ಇರುವಾಗ ಇಂಗ್ಲಿಷನ್ನು ಹಾಗೇ ಇಳಿಸುವುದು ಸೋಮಾರಿತನ.

ಮರು: ಕಮ್‌ಬ್ಯಾಕ್

ಮರಳಿಕೆ ಯಾರ ಬಾಯಲ್ಲೂ ಇಲ್ಲ. ಸಬ್‌ಟೈಟಲ್ ಎರಡು ಸೆಕೆಂಡ್ ನಿಲ್ಲುತ್ತದೆ, ಅಷ್ಟರಲ್ಲಿ ನಿಘಂಟು ತೆಗೆಯೋಕಾಗಲ್ಲ.

ನಮ್ಮ ಕರಾವಳಿಯಲ್ಲಿ ‘ತಿರುಗಾಟ’ ಇದೆ. ಯಕ್ಷಗಾನ ಮೇಳಗಳು ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ಕಳೆದ ಮೇಲೆ ಮತ್ತೆ ಕಟ್ಟಿ ಹೊರಡುತ್ತವೆ. ಅದು ಆ ವರ್ಷದ ತಿರುಗಾಟ. ಯಾರೂ ಮೇಳ ಬಿಟ್ಟುಹೋಗಿರುವುದಿಲ್ಲ. ಕೊರಿಯಾದಲ್ಲೂ ಹಾಗೇ. ಹಾಡು ಬಂದ ಮೇಲೆ ಕೆಲವು ವಾರ ಟಿವಿಯಲ್ಲಿ ಕುಣಿಯುತ್ತಾರೆ. ಗುರುವಾರ ‘ಎಂ ಕೌಂಟ್‌ಡೌನ್’, ಶುಕ್ರವಾರ ‘ಮ್ಯೂಸಿಕ್ ಬ್ಯಾಂಕ್’, ಭಾನುವಾರ ‘ಇಂಕಿಗಾಯೊ’. ಆಮೇಲೆ ‘ಗುಡ್‌ಬೈ ಸ್ಟೇಜ್’ ಮಾಡಿ ನಿಲ್ಲಿಸುತ್ತಾರೆ. ಮುಂದಿನ ಸಲ ಕೂದಲ ಬಣ್ಣದಿಂದ ಹಿಡಿದು ಎಲ್ಲ ಹೊಸದು. ‘ಎರಡನೇ ತಿರುಗಾಟ’ ಅನ್ನಿ.

ಮರು: ಕಮ್‌ಬ್ಯಾಕ್

ತಿರುಗಾಟ ಆಗುವುದಿಲ್ಲ. ಅದು ಊರೂರು ಸುತ್ತುವುದು. ಈ ತಂಡಗಳಿಗೆ ವರ್ಲ್ಡ್ ಟೂರ್ ಬೇರೆ ಇದೆ. ಅದಕ್ಕೇನು ಹಾಕುತ್ತೀರಿ?

ಕಮ್‌ಬ್ಯಾಕ್ ಅಂತಲೇ ಇರಲಿ. 1992ರಲ್ಲಿ ಬಂದ ‘ಸಿಯೋ ತಾಯ್‌ಜಿ ಅಂಡ್ ಬಾಯ್ಸ್’ ಎಂಬ ಕೊರಿಯನ್ ತಂಡದವರು ಒಂದು ಆಲ್ಬಂ ಮುಗಿಸಿ ಟಿವಿಯಿಂದ ಮರೆಯಾಗಿ, ಹೊಸ ಹಾಡು ಹೊಸ ವೇಷದಲ್ಲಿ ಬರುತ್ತಿದ್ದರು. ಆಗ ಅದು ನಿಜವಾಗಿ ಹೋಗಿ ಬರುವುದೇ ಆಗಿತ್ತು. ಈಗ ಹೋಗುವುದು ಉಳಿದಿಲ್ಲ, ಪದ ಉಳಿದಿದೆ. ಕೊರಿಯನ್ನರು ಇಂಗ್ಲಿಷಿನಿಂದ ತಂದು ತಮ್ಮ ಅರ್ಥ ತುಂಬಿದ್ದಾರೆ. ನಾವೂ ಅದನ್ನೇ ಮಾಡಿದವರು. ಹೋಟೆಲ್ ಅಂದರೆ ನಮಗೆ ಇಡ್ಲಿ ತಿನ್ನುವ ಜಾಗ, ಮಲಗುವ ಜಾಗ ಅಲ್ಲ. ಇದರಲ್ಲಿ ಸೋಮಾರಿತನ ಎಲ್ಲಿ ಬಂತು?

ಮರು: ಕಮ್‌ಬ್ಯಾಕ್

ಹೋಟೆಲನ್ನು ಜನ ಆಡಿ ಆಡಿ ತಂದರು. ಕಮ್‌ಬ್ಯಾಕನ್ನು ನೀವು ಬರೆದು ತರುತ್ತಿದ್ದೀರಿ. ಎರಡೂ ಒಂದಲ್ಲ.

ಮರು: ಕಮ್‌ಬ್ಯಾಕ್

ಸರ್, ಇದನ್ನೂ ಜನ ಆಡುತ್ತಿದ್ದಾರೆ. ನಮ್ಮ ಮನೆಯಲ್ಲೇ ಹದಿನಾಲ್ಕರ ಹುಡುಗಿ “ನಾಳೆ ಕಮ್‌ಬ್ಯಾಕ್ ಇದೆ, ಬೇಗ ಎಬ್ಬಿಸು” ಅನ್ನುತ್ತಾಳೆ.

ಎಲ್ಲರಿಗೂ ವಂದನೆ. ನನಗೆ ಹೆಸರುಪದ ಹುಡುಕಿದ್ದೇ ತಪ್ಪಾಯಿತು ಅನಿಸುತ್ತದೆ. ಹೆಚ್ಚಿನ ಕಡೆ ‘ಏಪ್ರಿಲ್‌ನಲ್ಲಿ ಹೊಸ ಹಾಡಿನೊಂದಿಗೆ ಬಂದರು’ ಎಂದು ಬರೆದೆ. ‘ಬಂದರು’ ಸಾಕು, ‘ಮತ್ತೆ’ ಕೂಡ ಬೇಕಾಗಲಿಲ್ಲ. ಎಷ್ಟನೇದು ಎಂದು ಎಣಿಸುವ ಎರಡು ಕಡೆ ಮಾತ್ರ ಕಮ್‌ಬ್ಯಾಕ್ ಉಳಿಸಿದ್ದೇನೆ.

ಇನ್ನೊಂದಿದೆ. ಆಲ್ಬಂನಲ್ಲಿ ಟಿವಿಗೆ ಹೋಗುವ ಹಾಡನ್ನು ಅವರು ‘ಟೈಟಲ್ ಟ್ರ್ಯಾಕ್’ ಅನ್ನುತ್ತಾರೆ. ‘ಚಿಯರ್ ಅಪ್’ ಇರುವ ಆಲ್ಬಂ ಹೆಸರು ‘ಪೇಜ್ ಟು’. ಹಾಗಾಗಿ ‘ಶೀರ್ಷಿಕೆ ಗೀತೆ’ ಸುಳ್ಳಾಗುತ್ತದೆ. ‘ಮುಖ್ಯ ಹಾಡು’ ಹಾಕಲೇ? ನಾಳೆ ಸಂಜೆಯೊಳಗೆ ಹೇಳಿದರೆ ಉಪಕಾರ.