ಪೈಪಿನ ಗ್ಯಾಸ್ ನಮ್ಮ ಕಡೆ ಲೆಕ್ಕಕ್ಕೆ ಕೂಡುತ್ತಾ? ಬಳ್ಳಾರಿ–ಕೊಪ್ಪಳ–ರಾಯಚೂರು ಗುಂಪಿನ ಪ್ರಶ್ನೋತ್ತರ

ನೈಸರ್ಗಿಕ ಅನಿಲದ ಬಗ್ಗೆ ಗುಂಪಿನ ಸದಸ್ಯರು ಕೇಳಿದ ಪ್ರಶ್ನೆಗಳಿವು. ಉತ್ತರಿಸಿದವರು ಅನಿಲ ಖರೀದಿ ಒಪ್ಪಂದಗಳ ಕೆಲಸ ಮಾಡುವ ಬಳ್ಳಾರಿಯ ಒಬ್ಬ ಇಂಜಿನಿಯರ್.

ಪ್ರಶ್ನೆ (ಜೀನ್ಸ್ ವಾಷಿಂಗ್ ಘಟಕ, ಬಳ್ಳಾರಿ): ಸರ್, ನಮ್ಮದು ಕಟ್ಟಿಗೆ ಬಾಯ್ಲರ್. ಹೊಗೆ ಅಂತ ಅಕ್ಕಪಕ್ಕದೋರು ಜಗಳಕ್ಕೆ ಬರ್ತಾರ. ಬಾಯ್ಲರ್ ಮಾರೋರು ಒಬ್ರು ಬಂದು, ದೇಶದಾಗ ಗ್ಯಾಸ್ ಬಳಕೆ ಭಾಳ ಬೆಳೀತೈತಿ, ಮುಂದ ರೇಟ್ ಇಳೀತೈತಿ, ಈಗಲೇ ಗ್ಯಾಸ್ ಬಾಯ್ಲರ್ ಹಾಕಿಸಿಬಿಡ್ರಿ ಅಂದ್ರು. ಖರೇನಾ?

ಉತ್ತರ: ಬಳಕೆ ಬೆಳೆಯುತ್ತದೆ ಅನ್ನೋದು ಖರೆ. ಅದಕ್ಕೇ ರೇಟ್ ಇಳಿಯುತ್ತದೆ ಅನ್ನೋದು ಮಾರಾಟಗಾರನ ಮಾತು.

ದೇಶದಲ್ಲಿ ಈಗ ವರ್ಷಕ್ಕೆ ಸುಮಾರು 70 ಶತಕೋಟಿ ಘನ ಮೀಟರ್ ಅನಿಲ ಖರ್ಚಾಗುತ್ತಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2025ರ ಫೆಬ್ರವರಿಯ ವರದಿಯಲ್ಲಿ ಇದು 2030ಕ್ಕೆ 103 ಶತಕೋಟಿ ಮುಟ್ಟಬಹುದು ಎಂದು ಅಂದಾಜಿಸಿತು. ಅದೇ ವರದಿಯ ಪ್ರಕಾರ ನಮ್ಮ ನೆಲ-ಕಡಲಿನಿಂದ ತೆಗೆಯುವ ಅನಿಲ ಆ ಹೊತ್ತಿಗೂ 38 ಶತಕೋಟಿಯ ಆಸುಪಾಸಿನಲ್ಲೇ ಇರುತ್ತದೆ. ಉಳಿದ ಸುಮಾರು 65 ಶತಕೋಟಿ ಹಡಗಿನಲ್ಲಿ ದ್ರವರೂಪದಲ್ಲಿ, ಅಂದರೆ ಎಲ್‌ಎನ್‌ಜಿ ಆಗಿ ಬರಬೇಕು. ಈಗ ಅರ್ಧದಷ್ಟು ಹೊರಗಿನದು. ಮುಂದೆ ಮೂರರಲ್ಲಿ ಎರಡು ಪಾಲಿನ ಹತ್ತಿರ ಹೋಗುತ್ತದೆ.

ಇದರಲ್ಲಿ ನಿಮಗೆ ಸಿಗುವುದು ಯಾವ ಪಾಲು ಅನ್ನೋದೇ ಮುಖ್ಯ. ಓಎನ್‌ಜಿಸಿ, ಆಯಿಲ್ ಇಂಡಿಯಾದ ಹಳೆಯ ಬಾವಿಗಳ ಅನಿಲಕ್ಕೆ ಸರ್ಕಾರ 2023ರ ಏಪ್ರಿಲ್‌ನಿಂದ ದರದ ಮಿತಿ ಹಾಕಿದೆ: ಕಚ್ಚಾ ತೈಲದ ಬೆಲೆಯ ಶೇ. 10, ಆದರೆ ಒಂದು ಎಂಎಂಬಿಟಿಯುಗೆ ಮೊದಲ ಎರಡು ವರ್ಷ 6.5 ಡಾಲರ್ ದಾಟುವಂತಿಲ್ಲ. 2025ರ ಏಪ್ರಿಲ್‌ನಿಂದ ಆ ಮಿತಿ 6.75 ಡಾಲರ್ ಆಯಿತು. (ಎಂಎಂಬಿಟಿಯು ಅಂದರೆ ಶಾಖದ ಅಳತೆ, ಹೆಚ್ಚುಕಡಿಮೆ 25 ಘನ ಮೀಟರ್ ಅನಿಲ ಅಂದುಕೊಳ್ಳಿ.) ಈ ಅಗ್ಗದ ಅನಿಲದಲ್ಲಿ ಅಡುಗೆಮನೆಯ ಪೈಪಿಗೆ ಮತ್ತು ವಾಹನಗಳ ಸಿಎನ್‌ಜಿಗೆ ಆದ್ಯತೆ. ವಾಷಿಂಗ್ ಘಟಕಕ್ಕೆ ಅದು ಬರುವುದಿಲ್ಲ. ನಿಮಗೆ ಬರುವುದು ಹೆಚ್ಚಾಗಿ ಹಡಗಿನ ಗ್ಯಾಸು. ಅದರ ಮೇಲೆ ಸಾಗಣೆ, ಟರ್ಮಿನಲ್ ಶುಲ್ಕ, ನಗರ ವಿತರಕರ ಲಾಭ, ವ್ಯಾಟ್ ಎಲ್ಲ ಕೂಡುತ್ತವೆ.

ಲೆಕ್ಕಕ್ಕೆ ನಿಮ್ಮ ಬಾಗಿಲಿಗೆ 15 ಡಾಲರ್ ಬಿತ್ತು ಅಂದುಕೊಳ್ಳಿ. ಡಾಲರಿಗೆ 85 ರೂಪಾಯಿ ಹಿಡಿದರೆ ಒಂದು ಎಂಎಂಬಿಟಿಯುಗೆ 1,275 ರೂಪಾಯಿ. ಅಷ್ಟೇ ಶಾಖಕ್ಕೆ ಹಸಿ-ಒಣ ಬೆರೆತ ಕಟ್ಟಿಗೆ 70–75 ಕೆ.ಜಿ. ಬೇಕು. ಕೆ.ಜಿ.ಗೆ 5 ರೂಪಾಯಿ ಆದರೂ 375. ಕಟ್ಟಿಗೆ ಬಾಯ್ಲರಿನಲ್ಲಿ ಮೂರನೇ ಒಂದು ಪಾಲು ಶಾಖ ಚಿಮಣಿ ಸೇರುತ್ತದೆ, ಗ್ಯಾಸಿನಲ್ಲಿ ಶೇ. 10–15ರಷ್ಟೇ ಪೋಲು. ಅದನ್ನು ಸೇರಿಸಿದರೂ ಗ್ಯಾಸು ಎರಡೂವರೆ ಪಟ್ಟು ತುಟ್ಟಿ. ನೀವು ಈಗ ವಾಣಿಜ್ಯ ಸಿಲಿಂಡರ್ ಅಥವಾ ಡೀಸೆಲ್ ಸುಡುತ್ತಿದ್ದರೆ ಕಣ್ಣುಮುಚ್ಚಿ ಬದಲಾಯಿಸಿ ಅನ್ನುತ್ತಿದ್ದೆ. ಕಟ್ಟಿಗೆಯವರು ಬದಲಾಯಿಸುವುದಾದರೆ ಹೊಗೆಗೋಸ್ಕರ ಬದಲಾಯಿಸಬೇಕು, ಉಳಿತಾಯಕ್ಕೋಸ್ಕರ ಅಲ್ಲ.

ಪ್ರಶ್ನೆ (ಅದೇ ಸದಸ್ಯರು): ಅಂದ್ರ ರೇಟ್ ಇಳಿಯೋದೇ ಇಲ್ಲಾ?

ಉತ್ತರ: ಇಳಿಯಬಹುದು. ಕತಾರ್ ತನ್ನ ಎಲ್‌ಎನ್‌ಜಿ ಸಾಮರ್ಥ್ಯವನ್ನು ವರ್ಷಕ್ಕೆ 77 ದಶಲಕ್ಷ ಟನ್‌ನಿಂದ 2030ರೊಳಗೆ 142ಕ್ಕೆ ಏರಿಸುವ ಯೋಜನೆ ಹಾಕಿದೆ, ಅಮೆರಿಕದಲ್ಲೂ ಹೊಸ ಘಟಕಗಳು ಏಳುತ್ತಿವೆ. ಅವೆಲ್ಲ ಒಟ್ಟಿಗೆ ಮಾರುಕಟ್ಟೆಗೆ ಬಿದ್ದರೆ ಕೊಳ್ಳುವವರ ಕೈ ಮೇಲಾಗುತ್ತದೆ. ಆದರೆ ಕತಾರಿನ ಪ್ರತಿ ಹಡಗೂ ಹಾರ್ಮುಜ್ ಜಲಸಂಧಿಯ ಇಕ್ಕಟ್ಟಿನಲ್ಲೇ ಹಾಯಬೇಕು. ಅಲ್ಲಿ ಗಲಾಟೆ ಆದರೆ ಬಳ್ಳಾರಿಯ ಬಾಯ್ಲರಿಗೂ ಬಿಸಿ ತಟ್ಟುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಏಷ್ಯಾದ ದಿನದ ಮಾರುಕಟ್ಟೆಯಲ್ಲಿ ಬೆಲೆ 50 ಡಾಲರ್ ದಾಟಿತ್ತು. ಯುರೋಪಿನವರು ಕೇಳಿದಷ್ಟು ಕೊಟ್ಟು ಹಡಗು ತಿರುಗಿಸಿಕೊಂಡರು. ಗುಜರಾತಿನ ಮೋರ್ಬಿಯ ಟೈಲ್ಸ್ ಕಾರ್ಖಾನೆಗಳು ಆಗ ಸಿಲಿಂಡರ್ ಗ್ಯಾಸಿನ ಜಾತಿಯ ಪ್ರೊಪೇನ್ ಕಡೆ ವಾಲಿದವು. ಅವರಿಗೆ ಆ ದಾರಿ ಇತ್ತು ಅಂತ ಉಳಿದುಕೊಂಡರು. ಅದಕ್ಕೇ ನಾನು ಹೇಳೋದು: ಬರ್ನರ್ ಕೊಳ್ಳುವಾಗ ಎರಡು ಇಂಧನಕ್ಕೆ ಹೊಂದುವಂಥದ್ದು ಕೊಳ್ಳಿ.

ಪ್ರಶ್ನೆ (ರೈಸ್ ಮಿಲ್, ಗಂಗಾವತಿ): ನಮಗೂ ಇದೇ ಸಲಹೆನಾ?

ಉತ್ತರ: ನಿಮಗೆ ಸಲಹೆಯೇ ಬೇಡ ರೀ. ಮಿಲ್ಲಿನ ಹೊಟ್ಟು ನಿಮ್ಮ ಅಂಗಳದಲ್ಲೇ ಬೀಳುತ್ತದೆ. 80 ಕೆ.ಜಿ. ಹೊಟ್ಟು ಒಂದು ಎಂಎಂಬಿಟಿಯು ಶಾಖ ಕೊಡುತ್ತದೆ. ಗ್ಯಾಸಿನವರು ಬಂದರೆ ಚಹಾ ಕೊಟ್ಟು ಕಳಿಸಿ.

ಪ್ರಶ್ನೆ (ಸ್ಪಾಂಜ್ ಐರನ್ ಘಟಕದ ಉದ್ಯೋಗಿ, ಕೊಪ್ಪಳ): ಕಲ್ಲಿದ್ದಲು ಬಿಟ್ಟು ಗ್ಯಾಸಿನಿಂದ ಕಬ್ಬಿಣ ಮಾಡಿದರೆ ಧೂಳೂ ಕಡಿಮೆ, ಯುರೋಪಿನ ಇಂಗಾಲದ ತೆರಿಗೆಯೂ ತಪ್ಪುತ್ತೆ ಅಂತಾರೆ. ನಮ್ಮ ಗೂಡುಗಳನ್ನು ಬದಲಾಯಿಸಲು ಬರುತ್ತಾ?

ಉತ್ತರ: ನಿಮ್ಮದು ಉರುಳುವ ಗೂಡು, ರೋಟರಿ ಕಿಲ್ನ್. ಅದರಲ್ಲಿ ಕಲ್ಲಿದ್ದಲು ಬರೀ ಉರುವಲಲ್ಲ, ಅದಿರಿನ ಆಮ್ಲಜನಕ ಕೀಳುವುದೂ ಅದೇ. ಗ್ಯಾಸಿನಿಂದ ಮಾಡಬೇಕಾದರೆ ನೆಟ್ಟಗೆ ನಿಲ್ಲುವ ಶಾಫ್ಟ್ ಕುಲುಮೆ, ಗ್ಯಾಸನ್ನು ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಆಗಿ ಒಡೆಯುವ ರಿಫಾರ್ಮರ್, ಪೂರ್ತಿ ಬೇರೆಯೇ ಕಾರ್ಖಾನೆ. ದೇಶದಲ್ಲಿ ಅಂಥವು ಗುಜರಾತಿನ ಹಜೀರಾ, ಮಹಾರಾಷ್ಟ್ರದ ದೋಲ್ವಿಯಂಥ ಕಡಲತೀರದಲ್ಲಿವೆ, ಕಾರಣ ಗ್ಯಾಸು ಅಲ್ಲಿ ಇಳಿಯುತ್ತದೆ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕು ಕಾರ್ಖಾನೆಯಲ್ಲೂ ಶಾಫ್ಟ್ ಕುಲುಮೆ ಇದೆ, ಆದರೆ ಅದು ಓಡುವುದು ಪಕ್ಕದಲ್ಲಿ ಕಲ್ಲಿದ್ದಲಿನಿಂದ ಕಬ್ಬಿಣ ಕರಗಿಸುವ ಕೋರೆಕ್ಸ್ ಘಟಕದಿಂದ ಹೊರಬರುವ ಅನಿಲದ ಮೇಲೆ. ಮೂಲ ಮತ್ತೆ ಕಲ್ಲಿದ್ದಲೇ. ಅಷ್ಟು ದೊಡ್ಡವರೇ ಆಗ ನೈಸರ್ಗಿಕ ಅನಿಲ ನೆಚ್ಚದೆ ಆ ದಾರಿ ಹಿಡಿದರು ಅನ್ನೋದನ್ನು ಗಮನಿಸಿ.

ನಮ್ಮ ದೇಶದ ತೆರಿಗೆಯ ಲೆಕ್ಕ ಇನ್ನೊಂದು. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿ ಹೊರಗಿದೆ, ಕಟ್ಟಿದ ವ್ಯಾಟ್ ಅನ್ನು ನಿಮ್ಮ ಮಾಲಿನ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಲು ಬರುವುದಿಲ್ಲ. ಕಲ್ಲಿದ್ದಲಿಗೆ 2025ರ ಸೆಪ್ಟೆಂಬರ್‌ನಲ್ಲಿ ಟನ್‌ಗೆ 400 ರೂಪಾಯಿಯ ಸೆಸ್ ಹೋಗಿ ಶೇ. 18 ಜಿಎಸ್‌ಟಿ ಬಂತು. ಅದು ಪೂರ್ತಿ ಕ್ರೆಡಿಟ್ ಸಿಗುವ ತೆರಿಗೆ. 2030ಕ್ಕೆ ಇಂಧನದಲ್ಲಿ ಅನಿಲದ ಪಾಲು ಶೇ. 15 ಆಗಬೇಕು ಎಂದು ಗುರಿ ಇಟ್ಟ ಸರ್ಕಾರವೇ ತೆರಿಗೆಯನ್ನು ಹೀಗೆ ಇಟ್ಟಿದೆ. ಈಗಿನ ಪಾಲು ಶೇ. 6–7. ಗುರಿ ಮುಟ್ಟುತ್ತದೆ ಅಂತ ನನಗಂತೂ ಅನ್ನಿಸುವುದಿಲ್ಲ.

ಪ್ರಶ್ನೆ (ಗುತ್ತಿಗೆದಾರ, ಶಕ್ತಿನಗರ): ಆರ್‌ಟಿಪಿಎಸ್ (ರಾಯಚೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ) ಗ್ಯಾಸಿಗೆ ಬದಲಾಗುತ್ತಾ?

ಉತ್ತರ: ಇಲ್ಲ. ದೇಶದ ಸುಮಾರು 20,000 ಮೆಗಾವಾಟ್ ಅನಿಲ ಸ್ಥಾವರಗಳು ವರ್ಷದ ಬಹುಪಾಲು ಸುಮ್ಮನೆ ನಿಂತಿರುತ್ತವೆ. ಬೇಸಿಗೆಯ ಸಂಜೆ ಸೋಲಾರ್ ಇಳಿದ ಮೇಲೆ ವಿದ್ಯುತ್ ಕೊರತೆ ಬಿದ್ದಾಗ ಅವುಗಳ ನೆನಪಾಗುತ್ತದೆ.

ಪ್ರಶ್ನೆ (ರೈತ, ಸಿಂಧನೂರು): ನಮಗ್ಯಾಕ್ರೀ ಈ ಗ್ಯಾಸಿನ ಸುದ್ದಿ? ನಮಗ ಯೂರಿಯಾ ಸಿಕ್ರ ಸಾಕು.

ಉತ್ತರ: ಈ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಗ್ಯಾಸ್ ಬಳಸುವವರು ನೀವೇ. ದೇಶದ ಅನಿಲದಲ್ಲಿ ಅತಿ ದೊಡ್ಡ ಪಾಲು ಗೊಬ್ಬರ ಕಾರ್ಖಾನೆಗಳದು. ಮೀಥೇನ್‌ನಿಂದ ಹೈಡ್ರೋಜನ್, ಅದರಿಂದ ಅಮೋನಿಯಾ, ಅದರಿಂದ ಯೂರಿಯಾ. ಒಳ್ಳೆಯ ಕಾರ್ಖಾನೆಯಲ್ಲೂ ಒಂದು ಟನ್ ಯೂರಿಯಾಕ್ಕೆ ಸುಮಾರು 22 ಎಂಎಂಬಿಟಿಯು ಬೇಕು. 45 ಕೆ.ಜಿ. ಚೀಲಕ್ಕೆ ಹಂಚಿದರೆ ಸರಿಯಾಗಿ ಒಂದು. ಗ್ಯಾಸು 12 ಡಾಲರಿಗೆ ಬಂದರೂ ಚೀಲದೊಳಗಿನ ಗ್ಯಾಸಿನ ಖರ್ಚೇ ಸಾವಿರ ರೂಪಾಯಿ ದಾಟುತ್ತದೆ. ನೀವು ಕೊಡುವುದು 266 ರೂಪಾಯಿ 50 ಪೈಸೆ, ಉಳಿದದ್ದು ಸಬ್ಸಿಡಿ. ತೆಲಂಗಾಣದ ರಾಮಗುಂಡಂ ಕಾರ್ಖಾನೆ, ಪೈಪ್‌ಲೈನ್ ಬಂದ ಮೇಲೆ ನಾಫ್ತಾ (ಕಚ್ಚಾ ತೈಲದಿಂದ ತೆಗೆಯುವ ಎಣ್ಣೆ) ಬಿಟ್ಟ ಮಂಗಳೂರಿನ ಕಾರ್ಖಾನೆ, ಎರಡೂ ಗ್ಯಾಸಿನ ಮೇಲೇ ನಿಂತಿವೆ. ಹಡಗಿನ ಗ್ಯಾಸು ತುಟ್ಟಿಯಾದರೆ ನಿಮ್ಮ ಚೀಲದ ದರ ಏರಲಿಕ್ಕಿಲ್ಲ, ಆದರೆ ಸಬ್ಸಿಡಿ ಉಬ್ಬುತ್ತದೆ. ಮೇಲುಗೊಬ್ಬರ ಕೊಡುವ ಹೊತ್ತಿಗೆ ಸೊಸೈಟಿ ಮುಂದೆ ಸಾಲು ನಿಲ್ಲುವುದಕ್ಕೆ ಹಂಚಿಕೆ, ಆಮದು ಹೀಗೆ ಬೇರೆ ಕಾರಣಗಳೂ ಇವೆ. ಎಲ್ಲವನ್ನೂ ಗ್ಯಾಸಿನ ತಲೆಗೆ ಕಟ್ಟಲಾರೆ.

ಪ್ರಶ್ನೆ (ಆಟೋ ಚಾಲಕ, ರಾಯಚೂರು): ಸಿಎನ್‌ಜಿಗೆ ಅಗ್ಗದ ಗ್ಯಾಸ್ ಅಂದ್ರಿ. ಮತ್ತ ರೇಟ್ ಯಾಕ ಏರ್ತೈತಿ?

ಉತ್ತರ: ಆದ್ಯತೆ ಇದೆ, ಆದರೆ ಮಾಲು ಸಾಲದು. ಹಳೆಯ ಬಾವಿಗಳು ವರ್ಷವರ್ಷ ಬತ್ತುತ್ತಿವೆ, ಸಿಎನ್‌ಜಿ ಗಾಡಿಗಳು ಹೆಚ್ಚುತ್ತಿವೆ. 2024ರ ಅಕ್ಟೋಬರ್, ನವೆಂಬರ್‌ನಲ್ಲಿ ವಿತರಕರಿಗೆ ಕೊಡುವ ಅಗ್ಗದ ಪಾಲನ್ನು ಎರಡು ಸಲ ಕಡಿತ ಮಾಡಿದರು. ಕೊರತೆಯನ್ನು ತುಟ್ಟಿ ಗ್ಯಾಸಿನಿಂದ ತುಂಬುತ್ತಾರೆ, ಪಂಪಿನಲ್ಲಿ ಬರುವುದು ಎರಡರ ಸರಾಸರಿ. ಡೀಸೆಲ್‌ಗಿಂತ ಕಿಲೋಮೀಟರ್ ಲೆಕ್ಕದಲ್ಲಿ ಇನ್ನೂ ಅಗ್ಗವೇ, ಅಂತರ ಮಾತ್ರ ಕಿರಿದಾಗುತ್ತಾ ಹೋಗುತ್ತದೆ.

ಪ್ರಶ್ನೆ (ಫೌಂಡ್ರಿ ಮಾಲೀಕ, ಬಳ್ಳಾರಿ): ನಾನು ಫರ್ನೇಸ್ ಆಯಿಲ್ ಸುಡ್ತೀನಿ. ಗ್ಯಾಸಿನವರು ಒಪ್ಪಂದದ ಕಾಗದ ಕೊಟ್ಟು ಹೋಗಿದ್ದಾರೆ. ಸಹಿ ಮಾಡುವ ಮುಂಚೆ ಏನು ನೋಡ್ಲಿ?

ಉತ್ತರ: ನಿಮ್ಮಂಥವರಿಗೆ ಗ್ಯಾಸ್ ಕೂಡಿಬರುತ್ತದೆ, ಹಾಗಾಗಿ ಕಾಗದ ಸರಿಯಾಗಿ ಓದಬೇಕು. ಮೊದಲು ಕನಿಷ್ಠ ಖರೀದಿಯ ಷರತ್ತು: ಬಳಸಲಿ ಬಿಡಲಿ, ಇಷ್ಟು ಪ್ರಮಾಣಕ್ಕೆ ದುಡ್ಡು ಕಟ್ಟಲೇಬೇಕು ಎಂದು ಇರುತ್ತದೆ. ಶೇ. 90 ಬರೆದಿದ್ದರೆ ಚೌಕಾಸಿ ಮಾಡಿ. ನಿಮ್ಮ ಆರ್ಡರ್ ಬತ್ತಿದ ತಿಂಗಳು ಅದೇ ಕೊರಳಿಗೆ ಬೀಳುತ್ತದೆ. ಆಮೇಲೆ ದರ ಯಾವುದಕ್ಕೆ ಕಟ್ಟಿದ್ದಾರೆ ನೋಡಿ. ಬ್ರೆಂಟ್ (ಜಗತ್ತಿನ ತೈಲ ಬೆಲೆಯ ಅಳತೆಗೋಲು) ಕಚ್ಚಾ ತೈಲದ ಶೇ. 12 ಅಂತಿದ್ದರೆ, ತೈಲ 70 ಡಾಲರ್ ಇದ್ದಾಗ ಮೂಲ ಬೆಲೆ 8.40; 100ಕ್ಕೆ ಹೋದರೆ 12. ನಿಮ್ಮ ಫರ್ನೇಸ್ ಆಯಿಲೂ ತೈಲದ ಜೊತೆಯೇ ಏರುವುದರಿಂದ ಈ ನಂಟು ನಿಮಗೆ ಅಷ್ಟು ಕೆಟ್ಟದ್ದಲ್ಲ. "ವಿತರಕರು ಕಾಲಕಾಲಕ್ಕೆ ನಿಗದಿಪಡಿಸುವ ದರ" ಅಂತ ಒಂದೇ ಸಾಲು ಬರೆದಿದ್ದರೆ ಮಾತ್ರ ಸಹಿ ಹಾಕಬೇಡಿ.

ಪೂರೈಕೆ ನಿಂತರೆ ಅವರು ನಿಮಗೇನು ಕೊಡುತ್ತಾರೆ ಅನ್ನೋದೂ ಇರಲಿ. ಬಳ್ಳಾರಿ-ಗದಗವನ್ನು 2018ರ 9ನೇ ಬಿಡ್ ಸುತ್ತಿನಲ್ಲಿ, ಬಾಗಲಕೋಟೆ-ಕೊಪ್ಪಳ-ರಾಯಚೂರನ್ನು ಅದರ ಮುಂದಿನ ಸುತ್ತಿನಲ್ಲಿ ನಗರ ಅನಿಲಕ್ಕೆ ಹಂಚಿದ್ದರೂ ಎಲ್ಲ ಕಡೆ ಕೊಳವೆ ಮುಟ್ಟಿಲ್ಲ. ನಿಮಗೆ ಟ್ಯಾಂಕರಿನಲ್ಲಿ ತಂದು ಕೊಡುವವರಾದರೆ ಟ್ಯಾಂಕರ್ ತಡವಾದ ದಿನ ಕುಲುಮೆ ಆರುತ್ತದೆ, ಆ ನಷ್ಟ ಯಾರದು ಎಂದು ಬರೆಸಿಕೊಳ್ಳಿ. ಹಳೆಯ ಆಯಿಲ್ ಟ್ಯಾಂಕನ್ನು ಗುಜರಿಗೆ ಹಾಕಬೇಡಿ.

ಪ್ರಶ್ನೆ (ಸಿಂಧನೂರಿನ ಅದೇ ರೈತ): ಭತ್ತದ ಹುಲ್ಲಿನಿಂದ ಗ್ಯಾಸ್ ಮಾಡ್ತಾರಂತಲ್ಲ, ಅದು ನಮ್ಮಲ್ಲಿ ಆಗಂಗಿಲ್ಲೇನು?

ಉತ್ತರ: ಆಗುತ್ತದೆ. ಪಂಜಾಬಿನ ಲೆಹರಾಗಾಗಾದಲ್ಲಿ ದಿನಕ್ಕೆ 300 ಟನ್ ಹುಲ್ಲಿನಿಂದ 33 ಟನ್ ಅನಿಲ ತೆಗೆಯುವಂತೆ ಘಟಕ ಕಟ್ಟಿದ್ದಾರೆ. ವಿತರಕರು ತಮ್ಮ ಗ್ಯಾಸಿನಲ್ಲಿ ಜೈವಿಕ ಅನಿಲವನ್ನು 2025–26ರಿಂದ ಶೇ. 1 ಬೆರೆಸಬೇಕು, 2028–29ಕ್ಕೆ ಶೇ. 5 ಆಗಬೇಕು ಎಂಬ ನಿಯಮವಿದೆ, ಹಾಗಾಗಿ ಕೊಳ್ಳುವವರಿದ್ದಾರೆ. ಆದರೆ ಪಂಜಾಬಿನಲ್ಲಿ ಸುಡುವ ಹುಲ್ಲು ಅದು. ನಮ್ಮಲ್ಲಿ ದನಕ್ಕೆ ಬೇಕು, ಪೆಂಡಿ ಕಟ್ಟಿ ಬಳ್ಳಾರಿ ತನಕ ಮಾರುತ್ತೀರಿ. ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ಘಟಕಕ್ಕೆ ಹುಲ್ಲು ಎಲ್ಲಿಂದ? ಟನ್‌ಗೆ ಎಷ್ಟು ಕೊಟ್ಟರೆ ಮೇವಿನ ವ್ಯಾಪಾರಿಗೆ ಬಿಟ್ಟು ಗ್ಯಾಸಿನವರಿಗೆ ಕೊಡುತ್ತೀರಿ, ನೀವೇ ಇಲ್ಲಿ ಬರೆಯಿರಿ. ಘಟಕ ಹಾಕಬೇಕು ಅನ್ನುವ ಇಬ್ಬರು ಈ ಗುಂಪಿನಲ್ಲೇ ಇದ್ದಾರೆ.